ಬಾಹ್ಯಾಕಾಶ ಆಟಗಳಲ್ಲಿ ಸೂತ್ರದಿಂದ ಹುಟ್ಟುವ ನೆಲ

ಗ್ರಹವೊಂದರ ಬೆಟ್ಟ, ಕಣಿವೆ, ಕಡಲು, ಕಟ್ಟಡಗಳನ್ನು ಕಲಾವಿದರು ಒಂದೊಂದಾಗಿ ರಚಿಸದೆ ಕಂಪ್ಯೂಟರೇ ಗಣಿತಸೂತ್ರದಿಂದ ಹುಟ್ಟಿಸುವ ತಂತ್ರಕ್ಕೆ ಪ್ರೊಸೀಜರಲ್ ಜನರೇಷನ್ ಎಂದು ಹೆಸರು. ಸೀಡ್ ಎಂಬ ಆರಂಭಿಕ ಸಂಖ್ಯೆ ಒಂದೇ ಆಗಿದ್ದರೆ ಸೂತ್ರ ಪ್ರತಿಸಲವೂ ಅದೇ ನೆಲವನ್ನು ಕೊಡುತ್ತದೆ. ಇಡೀ ಗ್ರಹವನ್ನು ಡಿಸ್ಕಿನಲ್ಲಿ ತುಂಬಿಡಬೇಕಾಗಿಲ್ಲ.

ಬಾಹ್ಯಾಕಾಶ ಆಟಗಳಿಗೆ ಇದನ್ನು ತಂದದ್ದು ಜಾಗದ ಕೊರತೆ. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ 'ಎಲೀಟ್' ಬರೆದ ಬಿಬಿಸಿ ಮೈಕ್ರೋ ಯಂತ್ರದ ಮೆಮೊರಿ ಕೇವಲ 32 ಕಿಲೋಬೈಟ್. ಅಷ್ಟರೊಳಗೆ 8 ಗ್ಯಾಲಕ್ಸಿ, ಒಂದೊಂದರಲ್ಲೂ 256 ಗ್ರಹ. ಉಪಾಯ ಸರಳವಾದದ್ದು: 16 ಬಿಟ್‌ಗಳ ಮೂರು ಸಂಖ್ಯೆಗಳನ್ನು ಕೂಡಿ, ಮಿಕ್ಕಿ ಹರಿದ ಭಾಗವನ್ನು ಬಿಟ್ಟು, ಮೊದಲನೆಯದನ್ನು ಕಳಚಿ ಮೊತ್ತವನ್ನು ಕೊನೆಗೆ ಸೇರಿಸುವುದು. ಹೀಗೆ ಸುತ್ತುತ್ತ ಹೋದಂತೆ ಸಿಗುವ ಬಿಟ್‌ಗಳೇ ಗ್ರಹದ ಸ್ಥಾನ, ಹೆಸರು, ಸರ್ಕಾರಗಳನ್ನೆಲ್ಲ ನಿರ್ಧರಿಸುತ್ತಿದ್ದವು. ಆದರೆ ಆ ಗ್ರಹಗಳ ಮೇಲೆ ಇಳಿಯುವಂತಿರಲಿಲ್ಲ.

ಕಾಲಿಡುವ ನೆಲ ಬಂದದ್ದು ಒಂದೇ ಬಗೆಯ ಆಕಾರವನ್ನು ಸಣ್ಣ ಸಣ್ಣ ಅಳತೆಗಳಲ್ಲಿ ಮರುಕಳಿಸುವ ಫ್ರ್ಯಾಕ್ಟಲ್ ಗಣಿತದಿಂದ. ಲೋರೆನ್ ಕಾರ್ಪೆಂಟರ್ 1980ರಲ್ಲಿ 'ವಾಲ್ ಲೀಬ್ರ್' ಎಂಬ ಕಿರುಚಿತ್ರದಲ್ಲಿ ಫ್ರ್ಯಾಕ್ಟಲ್ ಪರ್ವತಗಳ ಮೇಲೆ ಹಾರಾಟ ತೋರಿಸಿದ್ದರು. ಅದೇ ವಿದ್ಯೆ 1985ರಲ್ಲಿ ಲ್ಯೂಕಾಸ್‌ಫಿಲ್ಮ್‌ನ 'ರೆಸ್ಕ್ಯೂ ಆನ್ ಫ್ರ್ಯಾಕ್ಟಲಸ್' ಆಟಕ್ಕೆ ಇಳಿಯಿತು. ಅದೇ ವರ್ಷ ಪ್ರಕಟವಾದ ಕೆನ್ ಪರ್ಲಿನ್ ಅವರ ನಾಯ್ಸ್ ಸೂತ್ರ ಮುಂದೆ ಈ ಕ್ಷೇತ್ರದ ಬುನಾದಿಯೇ ಆಯಿತು: ದೊಡ್ಡ ಅಲೆಗಳು ಬೆಟ್ಟಸಾಲುಗಳಾದರೆ, ಅವುಗಳ ಮೇಲೆ ಕೂಡಿಸಿದ ಸಣ್ಣ ಅಲೆಗಳು ಬಂಡೆ, ಉಬ್ಬುತಗ್ಗುಗಳಾಗುತ್ತವೆ. 1986ರ 'ಸ್ಟಾರ್‌ಫ್ಲೈಟ್' ಸುಮಾರು 800 ಗ್ರಹಗಳ ಮೇಲೆ ವಾಹನದಲ್ಲಿ ಸುತ್ತಾಡಲು ಬಿಟ್ಟಿತು. 1993ರಲ್ಲಿ ಬ್ರೇಬೆನ್ ಅವರ 'ಫ್ರಾಂಟಿಯರ್' ಒಂದೇ ಫ್ಲಾಪಿಯಲ್ಲಿ ಗ್ರಹಗಳನ್ನೂ ಅವುಗಳ ಮೇಲಿನ ನಗರ, ಬಂದರುಗಳನ್ನೂ ಒದಗಿಸಿತು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡ ಕೆಲಸ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಹಲೋ ಗೇಮ್ಸ್ 2016ರಲ್ಲಿ ಹೊರತಂದ 'ನೋ ಮ್ಯಾನ್ಸ್ ಸ್ಕೈ' 64 ಬಿಟ್ ಸೀಡ್ ಬಳಸುತ್ತದೆ. ಗ್ರಹಗಳ ಸಂಖ್ಯೆ 18,446,744,073,709,551,616. ಅದರ ನೆಲ ಬರಿಯ ಎತ್ತರದ ನಕ್ಷೆಯಲ್ಲ, ಘನಕಣಗಳ ರಾಶಿ. ಹಾಗಾಗಿ ಗುಹೆಗಳೂ ಚಾಚುಬಂಡೆಗಳೂ ಸಾಧ್ಯವಾದವು.

ನಿಸರ್ಗಕ್ಕೆ ಒಲಿದ ಸೂತ್ರ ಕಟ್ಟಡಕ್ಕೆ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಬೆಟ್ಟ ಹೇಗಿದ್ದರೂ ನಡೆದೀತು. ಮನೆಗೆ ಸಮತಟ್ಟಾದ ಜಾಗ ಬೇಕು, ಬಾಗಿಲಿಗೆ ದಾರಿ ಬೇಕು, ಅಲ್ಲಿ ಯಾರೋ ಬದುಕಿದ್ದರೆಂಬ ಕಾರಣ ಬೇಕು. ಹೆಚ್ಚಿನ ತಂಡಗಳು ಆರಿಸಿಕೊಂಡದ್ದು ರಾಜಿಯ ದಾರಿ: ಕೈಯಿಂದ ರೂಪಿಸಿದ ಕಟ್ಟಡಗಳನ್ನು ಸೂತ್ರ ಅಲ್ಲಲ್ಲಿ ಇರಿಸುತ್ತದೆ. 2023ರ 'ಸ್ಟಾರ್‌ಫೀಲ್ಡ್' 1000ಕ್ಕೂ ಹೆಚ್ಚು ಗ್ರಹಗಳಿಗೆ ಇದನ್ನೇ ಮಾಡಿತು. ಅದೇ ಪ್ರಯೋಗಾಲಯ, ಅದೇ ಓಣಿಗಳು ಬೇರೆ ಬೇರೆ ಗ್ರಹಗಳಲ್ಲಿ ಮತ್ತೆ ಎದುರಾದಾಗ ಆಟಗಾರರು ಬೇಸರಗೊಂಡರು. ಆ ಬೇಸರ ನ್ಯಾಯವಾದದ್ದು. ಅಲ್ಲಿ ಬದುಕಿದವರು ಯಾರು, ಏಕೆ ಬಂದರು ಎಂಬುದನ್ನು ಮೊದಲು ಲೆಕ್ಕಹಾಕಿ ಆಮೇಲೆ ಗೋಡೆ ಎಬ್ಬಿಸುವ ಸೂತ್ರ ಈ ಆಟಗಳಲ್ಲಿ ಇನ್ನೂ ಬೇರೂರಬೇಕಾಗಿದೆ.