ವೇಳೆಗೆ ಬರುವ ಬಂಡಿ

ರೈಲುದಾರಿಯ ಚರಿತ್ರೆಯನ್ನು ಬರೆಯುವವರು ಸೇತುವೆಗಳ ಉದ್ದವನ್ನೂ ವೆಚ್ಚವಾದ ಹಣವನ್ನೂ ತಪ್ಪದೆ ತಿಳಿಸುತ್ತಾರೆ. ಬಂಡಿಯು ಹೇಳಿದ ವೇಳೆಗೆ ಬರುತ್ತಿತ್ತೇ ಎಂಬುದನ್ನು ತಿಳಿಸುವವರು ವಿರಳ. ದಿನವೂ ಪಟ್ಟಣಕ್ಕೆ ಹೋಗಿ ಬರುವವನಿಗಾದರೋ ಚರಿತ್ರೆಯ ಸಾರವೆಲ್ಲವೂ ಆ ಒಂದು ಪ್ರಶ್ನೆಯಲ್ಲಿಯೇ ಅಡಗಿರುವುದು. ಬೆಂಗಳೂರು–ತುಮಕೂರು ದಾರಿಯನ್ನು ಈ ದೃಷ್ಟಿಯಿಂದ ಕೊಂಚ ನೋಡೋಣ.

1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಮೈಸೂರು ಸೀಮೆಯ ಜನ ಲಕ್ಷಗಟ್ಟಲೆ ಮಡಿದರು. ಹೊರಗಿನ ಧಾನ್ಯವು ಒಳನಾಡನ್ನು ಮುಟ್ಟಬೇಕಾದರೆ ರೈಲು ಬೇಕೆಂಬ ಪಾಠವನ್ನು ಸಂಸ್ಥಾನವು ಆಗ ಕಲಿಯಿತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ, 1884ರಲ್ಲಿ, ಮೀಟರ್ ಗೇಜಿನ ದಾರಿ ತುಮಕೂರಿಗೆ ಬಂದಿತು. 1889ರಲ್ಲಿ ಹರಿಹರದವರೆಗೆ ಪೂರ್ಣವಾಯಿತು. ಧಾನ್ಯ, ವ್ಯಾಪಾರ, ದೂರದ ಪ್ರಯಾಣ ಇವೇ ಅದರ ಉದ್ದೇಶಗಳು. ಬೆಳಗ್ಗೆ ಬುತ್ತಿ ಹಿಡಿದು ಹೊರಟು ಸಂಜೆ ಮನೆಗೆ ಮರಳುವ ಗುಮಾಸ್ತನು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಬೆಂಗಳೂರು ಬೆಳೆದಂತೆಲ್ಲ ಆ ಗುಮಾಸ್ತನೂ ಕಾರ್ಖಾನೆಯ ಕೆಲಸಗಾರನೂ ವಿದ್ಯಾರ್ಥಿಯೂ ಬಂಡಿಯನ್ನು ತಮ್ಮದಾಗಿ ಮಾಡಿಕೊಂಡರು. ತುಮಕೂರಿಗೆ ಸುಮಾರು 70 ಕಿಲೋಮೀಟರ್. ಗೇಜು ಬದಲಾಯಿತು, ಜೋಡಿ ದಾರಿಯೂ ಆಯಿತು. ಆದರೆ ಹಳೆಯ ಉದ್ದೇಶದ ನೆರಳು ಮಾತ್ರ ಸರಿಯಲಿಲ್ಲ. ದೂರದ ಎಕ್ಸ್‌ಪ್ರೆಸ್ ಹಿಂದೆ ಬರುತ್ತಿದ್ದರೆ ಊರೂರಿಗೆ ನಿಲ್ಲುವ ಪ್ಯಾಸೆಂಜರು ದೊಡ್ಡಬೆಲೆಯಲ್ಲಿಯೋ ಹಿರೇಹಳ್ಳಿಯಲ್ಲಿಯೋ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಎಕ್ಸ್‌ಪ್ರೆಸ್ಸಿಗೆ ಹತ್ತು ನಿಮಿಷದ ತಡ ಅಲ್ಪವೇ ಇರಬಹುದು. ನೌಕರನಿಗೆ ಅದು ಹಾಜರಿಯ ಮೇಲೆ ಬೀಳುವ ಗೀಟು. ಇಷ್ಟಾದರೂ ಈ ಪ್ರಯಾಣಿಕರಿಗೆ ಬಂಡಿಯ ಮೇಲಿರುವ ಮಮತೆ ವಿಲಕ್ಷಣವಾದುದು. ತಮ್ಮ ಪ್ಯಾಸೆಂಜರಿನ ಹುಟ್ಟುಹಬ್ಬವನ್ನೇ ಹೂವಿನ ಅಲಂಕಾರ ಮಾಡಿ ಆಚರಿಸಿದವರಿವರು! ನಗುವ ಮಾತಲ್ಲ, ಸಂಸಾರದ ನಿತ್ಯಕ್ರಮವೇ ಅದರ ಗಾಲಿಗಳ ಮೇಲೆ ನಿಂತಿರುವಾಗ ಪೂಜೆ ಸಹಜವಷ್ಟೆ.

ಇನ್ನು ಬರಗೂರಿನ ಕಡೆಗೆ ತಿರುಗೋಣ. ಶಿರಾ ಒಂದು ಕಾಲಕ್ಕೆ ಮೊಗಲರ ಸುಬಾದ ರಾಜಧಾನಿ. ಆದರೂ ತುಮಕೂರು ದಾಟಿದ ದಾರಿ ಗುಬ್ಬಿ, ತಿಪಟೂರು, ಅರಸೀಕೆರೆಗಳ ಕಡೆಗೆ ಹೊರಳಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳು ಪಕ್ಕಕ್ಕೆ ಉಳಿದವು. ರೈಲು ಹಿಡಿಯಬೇಕಾದ ಬರಗೂರಿನವನು ಮೊದಲು ಬಸ್ಸಿನಲ್ಲಿ ತುಮಕೂರನ್ನು ಸೇರಬೇಕು. ಬಸ್ಸು ತಡವಾದರೆ ರೈಲಿಲ್ಲ. ರೈಲು ತಡವಾದರೆ ಕೆಲಸವಿಲ್ಲ. ಎರಡು ಅನಿಶ್ಚಯಗಳನ್ನು ಹೊರಲಾರದವನು ಬೆಂಗಳೂರಿನಲ್ಲಿ ಬಾಡಿಗೆಯ ಕೋಣೆ ಹಿಡಿಯುತ್ತಾನೆ. ಊರ ಮನೆಗೆ ಬೀಗ ಬೀಳುತ್ತದೆ. ಹಳ್ಳಿ ಬರಿದಾಗಲು ಮಳೆಯೊಂದೇ ಕಾರಣವಲ್ಲ.

ಪಾವಗಡ, ಮಧುಗಿರಿಗಳ ಮೇಲೆ ಹಾಯುವ ರಾಯದುರ್ಗ–ತುಮಕೂರು ದಾರಿ 2007–08ರಲ್ಲಿಯೂ, ಶಿರಾ ಮಾರ್ಗದ ತುಮಕೂರು–ದಾವಣಗೆರೆ ದಾರಿ 2011–12ರಲ್ಲಿಯೂ ಮಂಜೂರಾದವು. ಭೂಸ್ವಾಧೀನದಲ್ಲಿಯೇ ವರ್ಷಗಳು ಸಂದವು. ಅತ್ತ ಬೆಂಗಳೂರಿನಲ್ಲಿ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಉಪನಗರ ದಾರಿಗಳಿಗೆ, ಒಟ್ಟು 148 ಕಿಲೋಮೀಟರ್‌ಗಳಿಗೆ, 2022ರಲ್ಲಿ ಶಂಕುಸ್ಥಾಪನೆಯಾಯಿತು. ನಿತ್ಯಪ್ರಯಾಣಿಕನಿಗೆ ಎಕ್ಸ್‌ಪ್ರೆಸ್ಸಿನ ಹಂಗಿಲ್ಲದ ಹಳಿಯೇ ಬೇಕೆಂಬ ವಿವೇಕ ಇದರಲ್ಲಿದೆ. ಆದರೆ ತುಮಕೂರಿನ ದಿಕ್ಕಿನಲ್ಲಿ ಮಲ್ಲಿಗೆಯು ಚಿಕ್ಕಬಾಣಾವರದಲ್ಲಿಯೇ ಕೊನೆಗೊಳ್ಳುವುದು.

ವೇಗವನ್ನು ಹೊಗಳುವುದು ಈ ಕಾಲದ ರೂಢಿ. ಆದರೆ ಮನುಷ್ಯನು ತನ್ನ ಊರಿನಲ್ಲಿಯೇ ಬಾಳಿ ಪಟ್ಟಣದಲ್ಲಿ ದುಡಿಯುವಂತಾಗಲು ವೇಗಕ್ಕಿಂತ ಭರವಸೆಯು ಮುಖ್ಯ. ಮುಂದಿನ ದಾರಿಗಳನ್ನು ಅಳೆಯುವಾಗ ಮೈಲಿಗಲ್ಲಿನ ಜೊತೆಗೆ ಗಡಿಯಾರವನ್ನೂ ಇಟ್ಟುಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ.