ಬೆಳ್ಳಂದೂರಿನ ನೊರೆ: ಹೂಳಿನ ಪಾತ್ರ ಕುರಿತು ಒಂದು ಟಿಪ್ಪಣಿ

ಕೊಳಚೆ ತುಂಬಿದ ಕೆರೆಗೆ ಮಳೆನೀರು ಸೇರಿದರೆ ಮಾರ್ಜಕದ ಅಂಶ ತೆಳುವಾಗಬೇಕು, ನೊರೆ ಇಳಿಯಬೇಕು. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ. ಜೋರು ಮಳೆ ಬಿದ್ದ ಬೆನ್ನಲ್ಲೇ ಕೋಡಿಯ ಬಳಿ ನೊರೆ ಗುಡ್ಡೆಗಟ್ಟಿ ರಸ್ತೆಗೆ ಹಾರುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದರ ಕಾರಣವನ್ನು ಹೂಳಿನಲ್ಲಿ ಗುರುತಿಸಿದ್ದಾರೆ. ಆ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಬಟ್ಟೆ ಒಗೆಯುವ ಪುಡಿಗಳಲ್ಲಿ ಬಹಳವಾಗಿ ಬಳಕೆಯಾಗುವುದು ಲೀನಿಯರ್ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್. ಇದರ ಅಣುವಿನ ಒಂದು ತುದಿ ನೀರಿಗೆ ಒಲಿಯುತ್ತದೆ. ಉದ್ದನೆಯ ಬಾಲ ನೀರನ್ನು ಒಲ್ಲದೆ ಜಿಡ್ಡಿಗೋ ಗಾಳಿಗೋ ಕೆಸರಿನ ಕಣಕ್ಕೋ ಅಂಟಿಕೊಳ್ಳುತ್ತದೆ. ಆಮ್ಲಜನಕವಿದ್ದರೆ ಬ್ಯಾಕ್ಟೀರಿಯಾಗಳು ಇದನ್ನು ಕೆಲವೇ ದಿನಗಳಲ್ಲಿ ಒಡೆದುಹಾಕುತ್ತವೆ. ಉಸಿರುಕಟ್ಟಿದ ಹೂಳಿನಲ್ಲಿ ಆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬೇಸಿಗೆಯುದ್ದಕ್ಕೂ ಹೀಗೆ ತಳದಲ್ಲಿ ಜಮೆಯಾದದ್ದು, ರಾಜಕಾಲುವೆಗಳಿಂದ ನುಗ್ಗುವ ನೀರು ಹೂಳನ್ನು ಕದಡಿದಾಗ ಮತ್ತೆ ಮೇಲೇಳುತ್ತದೆ. ಕೋಡಿಯಲ್ಲಿ ಧುಮುಕುವ ನೀರಿಗೆ ಗಾಳಿ ಬೆರೆಯುತ್ತದೆ. ಜೊತೆಗೆ ಬಂದ ನುಣ್ಣನೆಯ ಕಣಗಳು ಗುಳ್ಳೆಯ ಪೊರೆಯಲ್ಲಿ ಸಿಕ್ಕಿಕೊಂಡು ಅದು ಬೇಗ ಒಡೆಯದಂತೆ ಮಾಡುತ್ತವೆ.

ನೊರೆಗೆ ಫಾಸ್ಫೇಟೇ ಕಾರಣವೆಂಬ ಮಾತು ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ಫಾಸ್ಫೇಟ್ ತಾನಾಗಿ ನೊರೆ ಎಬ್ಬಿಸುವ ವಸ್ತುವಲ್ಲ. ಅದು ಪಾಚಿ ಮತ್ತು ಜಲಕಳೆಗೆ ಗೊಬ್ಬರ. ಕಳೆ ಕೊಳೆತಾಗ ಆಮ್ಲಜನಕ ಕುಸಿಯುತ್ತದೆ. ಹಾಗಾಗಿ ಅದರ ಕೈವಾಡ ಪರೋಕ್ಷ.

ಮಾರ್ಜಕದ ಅಳತೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ರೂಢಿಯಲ್ಲಿರುವುದು ಮೆಥಿಲೀನ್ ಬ್ಲೂ ವಿಧಾನ. ನೀರಿನ ಮಾದರಿಗೆ ಬಣ್ಣ ಹಾಕಿ, ಕ್ಲೋರೊಫಾರ್ಮ್ ಸೇರಿಸಿ ಕುಲುಕಿದರೆ ಮಾರ್ಜಕವು ಬಣ್ಣವನ್ನು ತನ್ನೊಡನೆ ಎಳೆದುಕೊಂಡು ಕೆಳಗಿನ ಪದರಕ್ಕೆ ಇಳಿಯುತ್ತದೆ. ಆ ಪದರದ ನೀಲಿ ಎಷ್ಟು ಗಾಢವೋ ಮಾರ್ಜಕ ಅಷ್ಟು ಹೆಚ್ಚು. ಆದರೆ ಕ್ಲೋರೈಡ್, ನೈಟ್ರೇಟ್ ಕೂಡ ಒಂದಿಷ್ಟು ಬಣ್ಣವನ್ನು ಎಳೆದೊಯ್ಯಬಲ್ಲವು. ಬರೀ ನೀರನ್ನು ಅಳೆದರಂತೂ ಕಣಗಳಿಗೆ ಅಂಟಿದ ಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಹೂಳನ್ನು ಒಣಗಿಸಿ, ಮೆಥನಾಲಿನಲ್ಲಿ ಮಾರ್ಜಕವನ್ನು ಬಿಡಿಸಿಕೊಂಡೇ ಅಳೆಯಬೇಕು.

ಆಮ್ಲಜನಕವಿದ್ದರೆ ಮಾರ್ಜಕ ಒಡೆಯುತ್ತದೆ ಎಂಬ ಮಾತು ಹೂಳೆತ್ತುವ ಕೆಲಸಕ್ಕೂ ಅನ್ವಯಿಸುತ್ತದೆ. ತೆಗೆದ ಹೂಳನ್ನು ತೆಳುವಾಗಿ ಹರಡಿ ಗಾಳಿಯಾಡಿಸಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಮಾರ್ಜಕವನ್ನು ಒಡೆಯುತ್ತವೆ. ಭಾರಲೋಹಗಳು ಮಾತ್ರ ಹಾಗೆ ಕರಗಿಹೋಗುವಂಥವಲ್ಲ. ಆದ್ದರಿಂದ ಹೊಲಗಳಿಗೆ ಸಾಗಿಸುವ ಮುನ್ನ ಅವುಗಳ ಪರೀಕ್ಷೆ ಬೇರೆಯಾಗಿಯೇ ಆಗಬೇಕು. ಬೆಳ್ಳಂದೂರಿನ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಸೇರುವುದರಿಂದ, ಮುಂಗಾರಿಗೆ ಮುನ್ನ ಎರಡೂ ಕೆರೆಗಳ ಹೂಳಿನ ಮಾದರಿಯನ್ನು ಪದರಪದರವಾಗಿ ತೆಗೆದಿಟ್ಟುಕೊಂಡು, ಮೊದಲ ಮಳೆಯ ನಂತರದ ಮಾದರಿಯೊಂದಿಗೆ ಹೋಲಿಸುವುದು ಮುಂದಿನ ಕೆಲಸ.