ಕಂಪ್ಯೂಟರ್ ಫ್ಯಾನಿನ ಸದ್ದು ತಗ್ಗಿಸಲು ವೈರ್ ಬದಲಿಸಿದರೆ ಸಾಕೇ?

ಕಂಪ್ಯೂಟರ್ ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದ್ದರೆ ಅದರ ಕಪ್ಪು ವೈರನ್ನು ಕಿತ್ತು, ಪವರ್ ಸಪ್ಲೈನ ಕೆಂಪು ವೈರಿಗೆ ಸೇರಿಸಿ. ಖರ್ಚಿಲ್ಲದೆ ಸದ್ದು ಅರ್ಧವಾಗುತ್ತದೆ ಎಂಬ ಸಲಹೆ ಬಹಳ ಹಳೆಯದು. ಈಗಲೂ ಅದನ್ನು ಹಂಚಿಕೊಳ್ಳುವವರಿದ್ದಾರೆ. ಇದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಸುರಕ್ಷಿತವೇ? ಅಲ್ಲ. ಸಲಹೆಯ ಎರಡನೇ ಅರ್ಧವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಹಾಗಾಗಿ ಅದನ್ನು ನಾವಿಲ್ಲಿ ವಿವರಿಸುತ್ತಿದ್ದೇವೆ.

ನಮ್ಮಲ್ಲಿ ಅನೇಕರು 'ಸಿಪಿಯು' ಎಂದೇ ಕರೆಯುವ ಆ ಡಬ್ಬಕ್ಕೆ ಅಂಗಡಿಯವರು ಕ್ಯಾಬಿನೆಟ್ ಎನ್ನುತ್ತಾರೆ. ಬಿಸಿ ಗಾಳಿಯನ್ನು ಹೊರಹಾಕುವ ಅದರ ಫ್ಯಾನ್‌ಗಳು 12 ವೋಲ್ಟ್ ಡಿಸಿ ವಿದ್ಯುತ್ತಿನಲ್ಲಿ ಓಡುತ್ತವೆ. ಪವರ್ ಸಪ್ಲೈನಿಂದ ಬರುವ ನಾಲ್ಕು ವೈರಿನ ದಪ್ಪ ಕನೆಕ್ಟರಿನಲ್ಲಿ (ಮೋಲೆಕ್ಸ್) ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಕಪ್ಪು ಎರಡೂ ಗ್ರೌಂಡ್. ಫ್ಯಾನಿನ ಒಂದು ತುದಿ ಹಳದಿಗೂ ಇನ್ನೊಂದು ಕೆಂಪಿಗೂ ಸೇರಿದರೆ ನಡುವಿನ ವ್ಯತ್ಯಾಸ 7 ವೋಲ್ಟ್. ಫ್ಯಾನ್ ನಿಧಾನವಾಗುವುದು ಇದರಿಂದ.

ತೊಂದರೆ ಇರುವುದು ಕೆಂಪು ವೈರಿನಲ್ಲಿ. ಅದು ವಿದ್ಯುತ್ ಕೊಡಲು ಇರುವ ದಾರಿ, ವಾಪಸ್ ತೆಗೆದುಕೊಳ್ಳಲು ಅಲ್ಲ. ಫ್ಯಾನ್ ದಾಟಿ ಬಂದ ಕರೆಂಟು 5 ವೋಲ್ಟಿನ ಸಾಲಿಗೆ ನುಗ್ಗುತ್ತದೆ. ಅದೇ ಸಾಲಿನಲ್ಲಿರುವ ಬೇರೆ ಭಾಗಗಳು ಅದನ್ನು ಬಳಸಿಕೊಳ್ಳುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಫ್ಯಾನಿನ ಮೋಟಾರ್ ಒಳಗೆ ಶಾರ್ಟ್ ಆದರೆ 12 ವೋಲ್ಟ್ ನೇರವಾಗಿ 5 ವೋಲ್ಟಿನ ಸಾಲಿಗೆ ಬರುತ್ತದೆ. ಆ ಸಾಲಿನಲ್ಲಿ ಯಾರಿದ್ದಾರೆ? ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಯುಎಸ್‌ಬಿ ಪೋರ್ಟ್‌ಗಳು. ಹತ್ತು ವರ್ಷದ ಮನೆಯ ಫೋಟೋಗಳಿರುವುದು ಅಲ್ಲೇ. ಒಳ್ಳೆಯ ಪವರ್ ಸಪ್ಲೈ ಇಂಥ ಹೊತ್ತಿನಲ್ಲಿ ತಾನೇ ಬಂದ್ ಆಗಬೇಕು, ನಿಜ. ಅಗ್ಗದ ಸಪ್ಲೈ ಮೇಲೆ ಅಷ್ಟು ನಂಬಿಕೆ ಇಡುವುದು ನಮಗೆ ಸರಿ ಕಾಣುವುದಿಲ್ಲ.

ಹಾಗಾದರೆ ವೇಗ ತಗ್ಗಿಸುವುದು ಹೇಗೆ?

ಮೊದಲು ಫ್ಯಾನಿನ ಕನೆಕ್ಟರಿನಲ್ಲಿ ಎಷ್ಟು ತೂತುಗಳಿವೆ ಎಂದು ಎಣಿಸಿ. ಮೂರಿದ್ದರೆ ಒಂದು ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ವೇಗದ ವರದಿ. ಫ್ಯಾನ್ ಒಂದು ಸುತ್ತು ತಿರುಗಿದಾಗ ಆ ವೈರಿನಲ್ಲಿ ಸಾಮಾನ್ಯವಾಗಿ ಎರಡು ಮಿಡಿತ ಬರುತ್ತವೆ. ಅದನ್ನು ಎಣಿಸಿಯೇ ಮದರ್‌ಬೋರ್ಡ್ ಆರ್‌ಪಿಎಂ ತೋರಿಸುವುದು. ಇಂಥ ಫ್ಯಾನಿನ ವೇಗ ತಗ್ಗಬೇಕಾದರೆ ಬೋರ್ಡ್ ವೋಲ್ಟೇಜನ್ನೇ ಇಳಿಸಬೇಕು.

ನಾಲ್ಕಿದ್ದರೆ ಲೆಕ್ಕ ಬೇರೆ. 12 ವೋಲ್ಟ್ ಹಾಗೇ ಇರುತ್ತದೆ. ನಾಲ್ಕನೇ ವೈರಿನಲ್ಲಿ ಬೋರ್ಡ್ ಸೆಕೆಂಡಿಗೆ ಸುಮಾರು 25,000 ಸಲ ಆನ್-ಆಫ್ ಸಂಕೇತ ಕಳಿಸುತ್ತದೆ. ಆನ್ ಇರುವ ಪಾಲು ಹೆಚ್ಚಾದರೆ ವೇಗ ಹೆಚ್ಚು, ಕಡಿಮೆಯಾದರೆ ಕಡಿಮೆ. ಇದಕ್ಕೆ ಪಿಡಬ್ಲ್ಯೂಎಂ ಎಂದು ಹೆಸರು. ಆ ವೈರ್ ಸೇರದೇ ಹೋದರೆ ಫ್ಯಾನ್ ಪೂರ್ಣ ವೇಗದಲ್ಲಿ ಓಡುತ್ತದೆ.

ಮೂರು ಪಿನ್ನಿನ ಫ್ಯಾನ್ ನಾಲ್ಕು ಪಿನ್ನಿನ ಜಾಗದಲ್ಲೂ ಕೂರುತ್ತದೆ. ಆದರೆ ಬಯೋಸ್‌ನಲ್ಲಿ ಪಿಡಬ್ಲ್ಯೂಎಂ ಎಂದಿದ್ದರೆ ಅದು ಪೂರ್ಣ ವೇಗ ಬಿಡುವುದಿಲ್ಲ. ಸೆಟ್ಟಿಂಗ್ ಬದಲಿಸಿದರೂ ಸದ್ದು ಇಳಿಯಲಿಲ್ಲ ಎನ್ನುವ ದೂರಿಗೆ ಬಹಳ ಸಲ ಕಾರಣ ಇದು. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ (ಬೋರ್ಡಿನ ಮೇಲೆ ಬದಲಾಗಬಹುದು), ಫ್ಯಾನ್ ಕಂಟ್ರೋಲ್ ಪುಟದಲ್ಲಿ ಮೂರು ಪಿನ್ನಿಗೆ ಡಿಸಿ, ನಾಲ್ಕಕ್ಕೆ ಪಿಡಬ್ಲ್ಯೂಎಂ ಆರಿಸಿ. ತೀರಾ ಕೆಳಗೆ ಇಳಿಸಬೇಡಿ. ಓಡುತ್ತಿರುವ ಫ್ಯಾನ್ ಕಡಿಮೆ ವೋಲ್ಟೇಜಿನಲ್ಲೂ ಓಡುತ್ತಿರಬಹುದು, ನಿಂತ ಫ್ಯಾನ್ ಅದೇ ವೋಲ್ಟೇಜಿನಲ್ಲಿ ಎದ್ದೇಳದಿರಬಹುದು. ಒಮ್ಮೆ ಆಫ್ ಮಾಡಿ ಆನ್ ಮಾಡಿ, ರೆಕ್ಕೆ ತಿರುಗಿತೇ ಎಂದು ಕಣ್ಣಾರೆ ನೋಡಿ.

ವೇಗ ಅರ್ಧವಾದರೆ ಗಾಳಿಯೂ ಸುಮಾರು ಅರ್ಧ. ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ, ಕಿವಿಗೆ ಅದು ದೊಡ್ಡ ವ್ಯತ್ಯಾಸ. ಒಂದು ಫ್ಯಾನ್ ಅಬ್ಬರಿಸುವ ಬದಲು ಎರಡು ನಿಧಾನವಾಗಿ ತಿರುಗುವುದು ಮೇಲು ಎನ್ನುವುದು ಇದಕ್ಕೇ.

ಎಲ್ಲವನ್ನೂ ಒಂದೇ ಪಿನ್ನಿಗೆ ಸೇರಿಸಬಹುದೇ?

ಮದರ್‌ಬೋರ್ಡಿನ ಒಂದು ಫ್ಯಾನ್ ಪಿನ್ ಸಾಮಾನ್ಯವಾಗಿ 1 ಆಂಪಿಯರ್ ಕೊಡುತ್ತದೆ. ಫ್ಯಾನಿನ ಹಿಂದಿನ ಚೀಟಿಯಲ್ಲಿ 0.2 ಆಂಪಿಯರ್ ಎಂದಿದ್ದರೆ ಸ್ಪ್ಲಿಟರ್ ಹಾಕಿ ಎರಡು-ಮೂರು ಸೇರಿಸಬಹುದು. ಶುರುವಾಗುವಾಗ ಎಳೆಯುವ ಕರೆಂಟು ಇನ್ನೂ ಹೆಚ್ಚು ಎಂಬುದು ನೆನಪಿರಲಿ. ಅದಕ್ಕಿಂತ ಹೆಚ್ಚಿದ್ದರೆ ಪವರ್ ಸಪ್ಲೈನಿಂದಲೇ ವಿದ್ಯುತ್ ಪಡೆಯುವ ಫ್ಯಾನ್ ಹಬ್ ಕೊಳ್ಳಿ. ಸ್ಪ್ಲಿಟರಿನ ಒಂದು ತುದಿಯಲ್ಲಿ ಪಿನ್ ಒಂದು ಕಾಣೆಯಾಗಿದ್ದರೆ ಅಂಗಡಿಗೆ ಹೋಗಿ ಜಗಳ ಮಾಡಬೇಡಿ. ಎರಡು ಫ್ಯಾನ್ ಒಟ್ಟಿಗೆ ವೇಗದ ವರದಿ ಕಳಿಸಿದರೆ ಲೆಕ್ಕ ತಪ್ಪುತ್ತದೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ.

ಮನೆಯ ಸೀಲಿಂಗ್ ಫ್ಯಾನಿನ ರೆಗ್ಯುಲೇಟರನ್ನು ಇದಕ್ಕೆ ಬಳಸುವ ಯೋಚನೆ ಬಂದರೆ ಅಲ್ಲಿಗೇ ಬಿಡಿ. ಅದರಲ್ಲಿರುವುದು 230 ವೋಲ್ಟ್ ಎಸಿ. ಫ್ಯಾನ್ ಸುಡುವುದಲ್ಲದೆ ಕೈಗೂ ಜೀವಕ್ಕೂ ಅಪಾಯ.

ಸದ್ದು ಗಾಳಿಯದ್ದಲ್ಲ, ಕರಕರ ಅಥವಾ ಟಕಟಕ ಎನ್ನುತ್ತಿದೆಯೇ? ಧೂಳು ತೆಗೆದ ಮೇಲೂ ಹಾಗೇ ಇದ್ದರೆ ಬೇರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ವೇಗ ಇಳಿಸಿ ಅದನ್ನು ಸರಿಪಡಿಸಲಾಗದು. ಹಳೆಯದನ್ನು ಬಿಚ್ಚಿ ಚೌಕಟ್ಟಿನ ಒಂದು ಬದಿ ಅಳೆಯಿರಿ (ಹೆಚ್ಚಿನವು 120 ಮಿಲಿಮೀಟರ್), ಪಿನ್ ಎಣಿಸಿ, ಅದೇ ಅಳತೆಯ ಹೊಸದನ್ನು ತನ್ನಿ.